ಅಪ್ಪಯ್ಯ, ಅಮ್ಮನನ್ನು ಲಿ ನದಿ ಕಡೆ ಕರೆದುಕೊಂಡು ಹೋಗಬೇಕು. ಯಾಂಗ್‌ಶುವೊ ಪೇಟೆಯಲ್ಲಿ ಇರೋದಾ, ಹಳ್ಳಿಯಲ್ಲಾ?

ತುಂಗೆ ದಡದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ, ಕೆಲಸ ಚೀನಾದ ಶೆನ್‌ಝೆನ್‌ನಲ್ಲಿ. ಅಡಿಕೆ ಕೊಯ್ಲು, ಸುಲಿಯೋದು, ಒಣಗಿಸೋದು ಎಲ್ಲ ಮುಗಿಸಿಕೊಂಡು ಅಪ್ಪಯ್ಯ, ಅಮ್ಮ ಏಪ್ರಿಲ್‌ನಲ್ಲಿ ನನ್ನ ಹತ್ತಿರ ಬರುತ್ತಿದ್ದಾರೆ. ವೀಸಾ ಕೈಗೆ ಬಂದಿದೆ.

ಆಫೀಸಿನವರೆಲ್ಲ ಶಾಂಘೈ ತೋರಿಸು, ಬೀಜಿಂಗ್ ತೋರಿಸು ಅನ್ನುತ್ತಾರೆ. ನಮ್ಮ ಅಪ್ಪಯ್ಯನ ಸ್ವಭಾವ ನನಗೆ ಗೊತ್ತು. ನೂರು ಮಹಡಿ ಕಟ್ಟಡದ ಮುಂದೆ ನಿಲ್ಲಿಸಿದರೆ "ಹ್ಞೂಂ, ಚೆನ್ನಾಗಿದೆ" ಅಂದು, ಊಟ ಎಷ್ಟು ಹೊತ್ತಿಗೆ ಅಂತ ಕೇಳುತ್ತಾರೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಸುಮ್ನೆ 20 ಯುವಾನ್ ನೋಟಿನ ಹಿಂಬದಿ ತೋರಿಸಿದೆ. ಲಿ ನದಿ, ಸುತ್ತ ಗುಡ್ಡ, ಒಂದು ತೆಪ್ಪ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ನೋಡಿ ಕೇಳಿದ್ದು ಒಂದೇ ಮಾತು: "ಅಲ್ಲಿ ಗದ್ದೆ ಉಂಟಾ?"

ಹಾಗಾಗಿ ಲಿ ನದಿ ದಡದ ಗುಯಿಲಿನ್ ಊರಿನ ಕಡೆ ಹೋಗೋದು ಅಂತ ತೀರ್ಮಾನ ಆಗಿದೆ. ನನಗೆ ಸಿಗೋ ರಜೆ ಒಂದು ವಾರಕ್ಕೂ ಕಡಿಮೆ. ಗೊಂದಲ ಇರೋದು ಇಷ್ಟು:

ಗುಯಿಲಿನ್‌ನಿಂದ ಅದೇ ನದಿಯ ಕೆಳಗಿರೋ ಯಾಂಗ್‌ಶುವೊ ಊರಿಗೆ ದೊಡ್ಡ ದೋಣಿಯಲ್ಲಿ ಹೋಗಬೇಕಾ, ತೆಪ್ಪ ಸಾಕಾ? ಯಾಂಗ್‌ಶುವೊ ಪೇಟೆಯಲ್ಲಿ ಉಳಿಯಬೇಕಾ, ಹಳ್ಳಿಯಲ್ಲಾ? ಲಾಂಗ್‌ಜಿಯ ಮೆಟ್ಟಿಲು ಗದ್ದೆಗಳನ್ನೂ ಸೇರಿಸಿಕೊಳ್ಳಬಹುದಾ? ಅಮ್ಮನಿಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಹತ್ತಲಿಕ್ಕೆ ಆಗುವುದಿಲ್ಲ. ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ನಡೆಯುತ್ತದೆ.

ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಏಜೆಂಟರ ಪ್ಯಾಕೇಜ್ ಲಿಂಕ್ ಹಾಕಬೇಡಿ, ಅದು ನನ್ನ ಹತ್ತಿರ ರಾಶಿ ಬಿದ್ದಿದೆ.

---

ನಾಲೆ ಏರಿ ಬರೆದದ್ದು:

ನಿಮ್ಮ ಅಪ್ಪಯ್ಯನವರ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಉಂಟು. ಗುಡ್ಡದ ಬುಡಕ್ಕೆ ಅಂಟಿಕೊಂಡೇ ಗದ್ದೆ ಉಂಟು.

ನಾನು ಡಾಕ್ಟರಿಕೆ ಓದಿದ್ದು ಗುಯಿಲಿನ್‌ನಲ್ಲಿ. ನಮ್ಮ ಬ್ಯಾಚಿನಲ್ಲಿ ಆಂಧ್ರದವರು, ಕೇರಳದವರು, ನಾವು ಕೆಲವರು ಕರ್ನಾಟಕದವರು. ಉಳಿದವರು ರಜೆ ಬಂದರೆ ಊಟ ಹುಡುಕಿಕೊಂಡು ಗುವಾಂಗ್‌ಝೌಗೆ ಓಡುತ್ತಿದ್ದರು. ನಾನು ಸೈಕಲ್ ಬಾಡಿಗೆಗೆ ತೆಗೆದುಕೊಂಡು ಯಾಂಗ್‌ಶುವೊ ಹತ್ತಿರದ ಯುಲೋಂಗ್ ನದಿ ದಂಡೆಯ ಹಳ್ಳಿಗಳನ್ನು ಸುತ್ತುತ್ತಿದ್ದೆ. ಮಂಡ್ಯದವನು ಸ್ವಾಮಿ, ನಾಲೆ ಏರಿ ಮೇಲೆ ಬೆಳೆದವನು. ನೀರು ಎಲ್ಲಿಂದ ಬರುತ್ತದೆ, ಯಾರ ಗದ್ದೆಗೆ ಮೊದಲು ಹೋಗುತ್ತದೆ ಅಂತ ನೋಡದೆ ಇದ್ದರೆ ನನಗೆ ನಿದ್ದೆ ಬರುವುದಿಲ್ಲ. ಹಾಗಾಗಿ ನನ್ನ ಸಲಹೆ ಸ್ವಲ್ಪ ಆ ಕಡೆಗೇ ವಾಲುತ್ತದೆ, ಮೊದಲೇ ಹೇಳಿದ್ದೇನೆ.

ಅಲ್ಲಿನ ಗುಡ್ಡಗಳು ಸುಣ್ಣದ ಕಲ್ಲಿನವು. ಒಂದಾನೊಂದು ಕಾಲದಲ್ಲಿ ಅದೆಲ್ಲ ಸಮುದ್ರದ ತಳ. ಆಮೇಲೆ ಭೂಮಿ ಮೇಲೆದ್ದಿತು, ಲಕ್ಷಾಂತರ ವರ್ಷ ಮಳೆನೀರು ಕಲ್ಲನ್ನು ಕರಗಿಸಿತು. ಕರಗದೆ ಉಳಿದ ಭಾಗ ಕಂಬಗಳ ಹಾಗೆ ನಿಂತಿದೆ, ಕರಗಿ ಹೋದ ಜಾಗ ಚಪ್ಪಟೆ ಬಯಲಾಗಿದೆ. ಏರಿಳಿತ ಇಲ್ಲದ ಗದ್ದೆ ಬಯಲು, ಅದರ ನಡುವೆ ದಿಢೀರ್ ಅಂತ ಒಂದು ಗುಡ್ಡ. ಇಳಿಜಾರು ಅನ್ನೋದೇ ಇಲ್ಲ. 2014ರಲ್ಲಿ ಯುನೆಸ್ಕೋ ಈ ಗುಯಿಲಿನ್ ಗುಡ್ಡಗಳನ್ನೂ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ನಿಮಗೆ ಇದರಿಂದ ಒಂದು ಲಾಭ ಇದೆ. ಗುಡ್ಡ ನೋಡಲಿಕ್ಕೆ ಗುಡ್ಡ ಹತ್ತಬೇಕಾಗಿಲ್ಲ. ಬಯಲಲ್ಲೇ ಒಂದು ಕುರ್ಚಿ ಹಾಕಿಕೊಂಡು ಕೂತರೆ ಆಯಿತು. ಅಮ್ಮನ ಮಂಡಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ.

ಯಾಂಗ್‌ಶುವೊ ಪೇಟೆಯಲ್ಲಿ ಮಾತ್ರ ಉಳಿಯಬೇಡಿ. ಅಲ್ಲಿನ ಪಶ್ಚಿಮ ಬೀದಿ ಅಂತ ಇದೆಯಲ್ಲ, ರಾತ್ರಿಯೆಲ್ಲ ಬಾರು, ಡ್ರಮ್ಮು, ಬಣ್ಣದ ಲೈಟು. ವಯಸ್ಸಾದವರಿಗೆ ಅದು ಬೇಡ. ಯುಲೋಂಗ್ ನದಿ ಕಡೆ ಜಿಯುಶಿಯಾನ್ ಅಂತ ಹಳ್ಳಿ ಇದೆ. ಹಳೇ ಇಟ್ಟಿಗೆ ಮನೆಗಳನ್ನೇ ರಿಪೇರಿ ಮಾಡಿ ತಂಗುವ ಮನೆ ಮಾಡಿದ್ದಾರೆ. ಅಲ್ಲಿ ಅಥವಾ ಆ ನದಿಯ ಇನ್ಯಾವುದಾದರೂ ಹಳ್ಳಿಯಲ್ಲಿ ನೆಲಮಹಡಿ ಕೋಣೆ ಕೇಳಿ ತಗೊಳ್ಳಿ. ನೆಲಮಹಡಿ ಅಂತ ಒತ್ತಿ ಹೇಳಬೇಕು, ಈ ಮನೆಗಳಲ್ಲಿ ಲಿಫ್ಟ್ ಇರುವುದು ಕಡಿಮೆ.

ಯುಲೋಂಗ್ ಅಂದರೆ ಲಿ ನದಿಗೆ ಸೇರುವ ಒಂದು ಸಣ್ಣ ನದಿ. ಲಿ ನದಿಯ ಮೇಲೆ ಈಗ ಓಡಾಡೋದು ಪ್ಲಾಸ್ಟಿಕ್ ಪೈಪಿನ ತೆಪ್ಪ, ಹಿಂದೆ ಮೋಟಾರು. ಒಂದೇ ಸಮ ಗುರ್ ಗುರ್ ಸದ್ದು. ಯುಲೋಂಗ್‌ನಲ್ಲಿ ಮೋಟಾರು ಇಲ್ಲ. ನಿಜವಾದ ಬಿದಿರು, ನಿಜವಾದ ಗಳ. ಒಂದು ತೆಪ್ಪಕ್ಕೆ ಇಬ್ಬರು, ಮೇಲೊಂದು ಛತ್ರಿ, ಹಿಂದೆ ಅಂಬಿಗ. ನದಿ ಉದ್ದಕ್ಕೂ ಅಡ್ಡಡ್ಡ ಕಲ್ಲಿನ ಕಟ್ಟೆಗಳಿವೆ. ಪ್ರವಾಸಿಗರಿಗೆ ಅಂತ ಕಟ್ಟಿದ್ದಲ್ಲ, ಗದ್ದೆಗೆ ನೀರು ತಿರುಗಿಸಲಿಕ್ಕೆ ರೈತರು ಕಟ್ಟಿಕೊಂಡದ್ದು. ತೆಪ್ಪ ಆ ಕಟ್ಟೆಯ ಅಂಚಿಗೆ ಬಂದಾಗ ಅಂಬಿಗ ಕಾಲು ಎತ್ತಿಕೊಳ್ಳಿ ಅಂತ ಸನ್ನೆ ಮಾಡುತ್ತಾನೆ. ತೆಪ್ಪದ ಮೂತಿಯನ್ನು ಬಿದಿರು ಕಾಯಿಸಿ ಮೇಲಕ್ಕೆ ಬಗ್ಗಿಸಿರುತ್ತಾರೆ. ಅದು ಜಾರಿ ಕೆಳಗಿನ ನೀರಿಗೆ ಬೀಳುತ್ತದೆ, ಒಂದು ಕ್ಷಣ ಮುಳುಗುತ್ತದೆ, ಬಿದಿರಿನ ಸಂದಿಗಳಿಂದ ನೀರು ಬುಳುಬುಳು ಮೇಲೆ ಬರುತ್ತದೆ, ಆಮೇಲೆ ಮತ್ತೆ ತೇಲುತ್ತದೆ. ಚಪ್ಪಲಿ ನೆನೆಯುತ್ತದೆ, ಬೇರೇನೂ ಆಗುವುದಿಲ್ಲ. ಅಮ್ಮನಿಗೆ ಸೀರೆ ಬೇಡ, ಚೂಡಿದಾರ ಇದ್ದರೆ ಒಳ್ಳೆಯದು.

ತೆಪ್ಪದ ದರ ನಿಗದಿ ಆಗಿರುತ್ತದೆ. ಟಿಕೆಟ್‌ಗೆ ಪಾಸ್‌ಪೋರ್ಟ್ ಕೇಳುತ್ತಾರೆ. ತೀರಾ ಚಿಕ್ಕವರಿಗೂ ತೀರಾ ವಯಸ್ಸಾದವರಿಗೂ ಮಿತಿ ಇದೆ, ಅಪ್ಪಯ್ಯನ ವಯಸ್ಸು ಹೇಳಿ ಮೊದಲೇ ವಿಚಾರಿಸಿಕೊಳ್ಳಿ. ಇನ್ನೊಂದು ಮಾತು, ಏಪ್ರಿಲ್ ಅಲ್ಲಿ ಮಳೆ ಶುರುವಾಗುವ ಕಾಲ. ನೀರು ಏರಿದರೆ ತೆಪ್ಪ ನಿಲ್ಲಿಸಿಬಿಡುತ್ತಾರೆ. ಆದ್ದರಿಂದ ಅಲ್ಲಿ ಇಳಿದ ಮೊದಲ ದಿನವೇ, ಮಳೆ ಇಲ್ಲ ಅಂದರೆ, ತೆಪ್ಪ ಮುಗಿಸಿಕೊಳ್ಳಿ. ನಾಳೆಗೆ ಅಂತ ಇಟ್ಟುಕೊಳ್ಳಬೇಡಿ. ಬಸ್‌ಸ್ಟ್ಯಾಂಡಿನಲ್ಲಿ ಫೋಟೋ ಆಲ್ಬಮ್ ಹಿಡಿದುಕೊಂಡು "ಬಿದಿರು ತೆಪ್ಪ, ಬಿದಿರು ತೆಪ್ಪ" ಅಂತ ಬೆನ್ನು ಹತ್ತುವವರಿಗೆ ದುಡ್ಡು ಕೊಡಬೇಡಿ. ನನ್ನ ಜೊತೆ ಓದುತ್ತಿದ್ದವನ ಅಪ್ಪ, ಅಮ್ಮ ಬಂದಾಗ ಹಾಗೆ ದುಡ್ಡು ಕಟ್ಟಿಸಿಕೊಂಡು ಕೊನೆಗೆ ಕೂರಿಸಿದ್ದು ಪೈಪಿನ ತೆಪ್ಪದಲ್ಲಿ.

ಅದೇ ನದಿಯ ಮೇಲೆ, ಬೈಶಾ ಅನ್ನೋ ಊರಿನ ಹತ್ತಿರ ಯುಲೋಂಗ್ ಸೇತುವೆ ಅಂತ ಒಂದಿದೆ, 1412ರಲ್ಲಿ ಕಟ್ಟಿದ್ದು. ಒಂದೇ ಕಮಾನು, ಕಲ್ಲಿನದು. ಮೇಲೆ ಬಳ್ಳಿ ಹಬ್ಬಿದೆ. ಅದರ ಸುತ್ತಲೇ ನಿಮ್ಮ ಅಪ್ಪಯ್ಯನಿಗೆ ಬೇಕಾದ್ದೆಲ್ಲ ಇರೋದು. ಏಪ್ರಿಲ್‌ನಲ್ಲಿ ತಗ್ಗಿನ ಗದ್ದೆಗಳಲ್ಲಿ ಉಳುಮೆ, ನಾಟಿ ಶುರುವಾಗಿರುತ್ತದೆ. ಎಮ್ಮೆ ಕಟ್ಟಿ ಉಳುವವರು ಈಗ ಅಪರೂಪ, ಸಣ್ಣ ಟಿಲ್ಲರ್‌ಗಳೇ ಜಾಸ್ತಿ. ಎಮ್ಮೆ ಬದು ಮೇಲೆ ಮೇಯುತ್ತಿರುತ್ತದೆ, ಪಾಪ ಅದಕ್ಕೆ ರಿಟೈರ್‌ಮೆಂಟ್.

ಬೈಶಾ ಕಡೆ ಇನ್ನೊಂದು ನೋಡಬೇಕಾದ್ದು ಕುಮ್‌ಕ್ವಾಟ್ ತೋಟ. ನಿಂಬೆ ಜಾತಿಯದು, ಹೆಬ್ಬೆರಳು ಗಾತ್ರದ ಹಣ್ಣು. ಚಳಿಗಾಲದಲ್ಲಿ ಇಡೀ ಸಾಲು ಸಾಲು ಗಿಡಗಳಿಗೆ ಬಿಳಿ ಪ್ಲಾಸ್ಟಿಕ್ ಹೊದಿಸುತ್ತಾರೆ, ಹಣ್ಣಿನ ಮೇಲೆ ಮಳೆ, ಹಿಮ ಬೀಳಬಾರದು ಅಂತ. ಹಾಗೆ ಕಾಪಾಡಿದ ಹಣ್ಣು ವಸಂತ ಬರುವವರೆಗೂ ಗಿಡದಲ್ಲೇ ಇರುತ್ತದೆ. ಬೆಲೆ ಏರಿದಾಗ ಕೀಳುತ್ತಾರೆ. ನೀವು ಹೋಗುವ ಹೊತ್ತಿಗೆ ಕೊನೆ ಕೊನೆ ಹಣ್ಣು ಸಿಕ್ಕರೂ ಸಿಗಬಹುದು. ಸಿಪ್ಪೆ ಸಮೇತ ಬಾಯಿಗೆ ಹಾಕಿಕೊಳ್ಳಬೇಕು. ಸಿಹಿ ಇರೋದೇ ಸಿಪ್ಪೆಯಲ್ಲಿ, ಒಳಗೆ ಹುಳಿ.

ಲಾಂಗ್‌ಜಿ ಈ ಸಲ ಬಿಡಿ. ಕೋಪ ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ. ಅಲ್ಲಿ ಗದ್ದೆಗೆ ನೀರು ಕಟ್ಟುವುದು ಮೇ ಕೊನೆ, ಜೂನ್ ಹೊತ್ತಿಗೆ. ಫೋಟೋದಲ್ಲಿ ಕನ್ನಡಿ ಥರ ಹೊಳೆಯುತ್ತದಲ್ಲ, ಅದು ಆಗ. ತೆನೆ ಹಣ್ಣಾಗಿ ಬಂಗಾರ ಬಣ್ಣ ಬರುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ. ಏಪ್ರಿಲ್‌ನಲ್ಲಿ ಸಿಗುವುದು ಬರೀ ಮಣ್ಣು, ಮಂಜು. ದಾಝೈ ಹಳ್ಳಿಯಲ್ಲಿ ಕೇಬಲ್ ಕಾರ್ ಇದೆ, ಹತ್ತುವ ಕಷ್ಟ ಇಲ್ಲ ಅನ್ನುವುದು ನಿಜ. ಆದರೆ ಗುಯಿಲಿನ್‌ನಿಂದ ತಿರುವು ತಿರುವು ರಸ್ತೆಯಲ್ಲಿ ಅಷ್ಟು ದೂರ ಹೋಗಿ ಮಂಜು ನೋಡಲಿಕ್ಕೆ ನಿಮಗೆ ಆಗುಂಬೆ ಇಲ್ಲವಾ?

ಆ ಉಳಿದ ದಿನಕ್ಕೆ ನಾನು ಬೇರೆ ಒಂದು ಹೇಳುತ್ತೇನೆ. ಶಿಂಗ್‌ಆನ್‌ನ ಲಿಂಗ್ ಕಾಲುವೆ. ನಮ್ಮ ಭಾರತದ ಪ್ರವಾಸಿಗಳು ಯಾರೂ ಹೋಗುವುದಿಲ್ಲ. ಅದರ ಬಗ್ಗೆ ಬೇಕಿದ್ದರೆ ಕೇಳಿ, ಈಗ ಡ್ಯೂಟಿಗೆ ಹೊತ್ತಾಯಿತು.

---

ಒಗ್ಗರಣೆ ಡಬ್ಬಿ ಬರೆದದ್ದು:

ಡಾಕ್ಟ್ರು ಊಟದ ವಿಷಯ ಪೂರ್ತಿ ಹಾರಿಸಿಬಿಟ್ಟಿದ್ದಾರೆ. ಗಂಡಸರ ಟ್ರಾವೆಲ್ ಸಲಹೆ ಅಂದರೆ ಹೀಗೇ.

ನಾವು ಗುವಾಂಗ್‌ಝೌನಲ್ಲಿ ಇದ್ದೇವೆ. ಮನೆಯವರು ಗ್ರಾನೈಟ್, ಟೈಲ್ಸ್ ವ್ಯಾಪಾರ. ಅತ್ತೆ, ಮಾವನನ್ನು ಕರೆದುಕೊಂಡು ಯಾಂಗ್‌ಶುವೊ ಕಡೆ ಹೋಗಿದ್ದೆವು, ಅವರೂ ಕಟ್ಟುನಿಟ್ಟು ಸಸ್ಯಾಹಾರಿಗಳು. ಉಪವಾಸ ಬೀಳಲಿಲ್ಲ.

ಅಲ್ಲಿ "ಮಾಂಸ ಹಾಕಬೇಡಿ" ಅಂದರೆ ತುಂಡು ಹಾಕುವುದಿಲ್ಲ ಅಷ್ಟೇ. ಹಂದಿ ಕೊಬ್ಬಿನಲ್ಲೇ ಸೊಪ್ಪು ಬಾಡಿಸುತ್ತಾರೆ. ಆಮೇಲೆ ಒಂದು ಚಮಚ ಕೋಳಿ ಪುಡಿ ಉದುರಿಸುತ್ತಾರೆ, ನಾವು ಉಪ್ಪು ಹಾಕಿದಷ್ಟು ಸಲೀಸಾಗಿ. ಸೊಪ್ಪಿನ ಮೇಲೆ ಕಪ್ಪಗೆ ಹೊಳೆಯುವ ಸಾಸ್ ಕಂಡರೆ ಅದು ಸಿಂಪಿಯದು. ಆದ್ದರಿಂದ ಒಂದು ಚೀಟಿ ಬರೆಸಿಟ್ಟುಕೊಳ್ಳಿ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಹಂದಿ ಕೊಬ್ಬು ಬೇಡ, ಕೋಳಿ ಪುಡಿ ಬೇಡ, ಸಿಂಪಿ ಸಾಸ್ ಬೇಡ, ಕಡಲೆಕಾಯಿ ಎಣ್ಣೆಯಲ್ಲಿ ಮಾಡಿ, ಬಾಣಲೆ ತೊಳೆದು ಮಾಡಿ. ನಿಮ್ಮ ಆಫೀಸಿನಲ್ಲಿ ಯಾರ ಹತ್ತಿರವಾದರೂ ಚೀನಿ ಲಿಪಿಯಲ್ಲಿ ದೊಡ್ಡದಾಗಿ ಬರೆಸಿ. ಆರ್ಡರ್ ತೆಗೆದುಕೊಳ್ಳುವ ಹುಡುಗಿಗೆ ತೋರಿಸಿದರೆ ಸಾಲದು, ಒಲೆ ಮುಂದೆ ನಿಂತವರಿಗೆ ತೋರಿಸಬೇಕು. ಹಳ್ಳಿ ಮನೆಗಳಲ್ಲಿ ಅಡುಗೆಮನೆಗೆ ಹೋಗಿ ಬೆರಳು ಮಾಡಿ ತೋರಿಸಿದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬುಟ್ಟಿಯಲ್ಲಿ ತರಕಾರಿ ಇಟ್ಟಿರುತ್ತಾರೆ, ಇದು, ಇದು, ಇದು ಅಂದರೆ ಆಯಿತು.

ಮಲ್ನಾಡಿನವರಿಗೆ ತರಕಾರಿ ಹೊಸದೇನಲ್ಲ. ಕಳಲೆ ಇದೆ, ತಾಜಾದೂ ಇದೆ, ಹುಳಿ ಬರಿಸಿದ್ದೂ ಇದೆ. ಹುಳಿ ಬರಿಸಿದ್ದರ ವಾಸನೆ ಜೋರು. ಕುಂಬಳದ ಕುಡಿ ಬಾಡಿಸುತ್ತಾರೆ, ಬೆಳ್ಳುಳ್ಳಿ ಜಜ್ಜಿ ಹಾಕಿ. ಕೆಸುವಿನ ಗೆಡ್ಡೆಗೆ ಪಕ್ಕದ ಲಿಪು ಊರು ಹೆಸರುವಾಸಿ. ಅಲ್ಲಿನ ಗೆಡ್ಡೆ ತೆಂಗಿನಕಾಯಿಗಿಂತ ದೊಡ್ಡದು, ಕತ್ತರಿಸಿದರೆ ಒಳಗೆ ನೇರಳೆ ಗೆರೆ. ಹೋಟೆಲಲ್ಲಿ ಅದನ್ನು ಹಂದಿಯ ಜೊತೆ ಬೇಯಿಸುತ್ತಾರೆ, ಆದರೆ ಬರೀ ಗೆಡ್ಡೆ ಆವಿಯಲ್ಲಿ ಬೇಯಿಸಿಕೊಡಿ ಅಂದರೆ ಕೊಡುತ್ತಾರೆ. ನಮ್ಮ ಮಾವ ಅದಕ್ಕೆ ಉಪ್ಪಿನಕಾಯಿ ರಸ ಹಚ್ಚಿಕೊಂಡು ತಿಂದರು.

ಹುಷಾರಾಗಿರಬೇಕಾದ್ದು ಎರಡು. ತೋಫು, ಹಾಗಲಕಾಯಿ, ಕುಂಬಳ ಹೂವು, ಬದನೆ ಏನೇ ನೋಡಿ, ಆ ಕಡೆ ಒಳಗೆ ಕೈಮಾ ತುಂಬುವ ಅಭ್ಯಾಸ ಇದೆ. ಹೊರಗೆ ಹೂವು, ಒಳಗೆ ಹಂದಿ. ಇನ್ನು ಗುಯಿಲಿನ್ ಅಕ್ಕಿ ಶ್ಯಾವಿಗೆ ಅಂತ ಎಲ್ಲರೂ ಹೊಗಳುತ್ತಾರೆ. ಶ್ಯಾವಿಗೆ ಅಕ್ಕಿಯದೇ, ಆದರೆ ಅದಕ್ಕೆ ಹಾಕುವ ಕಂದು ರಸ ಮೂಳೆ ಬೇಯಿಸಿದ್ದು. ಬಿದಿರಿನಲ್ಲಿ ಬೇಯಿಸಿದ ಅನ್ನದಲ್ಲೂ ಮಾಂಸದ ಚೂರು ಇರುತ್ತದೆ, ಕೇಳಿ ತಗೊಳ್ಳಿ.

ಗೊಂಗ್‌ಚೆಂಗ್ ಕಡೆಯ ಎಣ್ಣೆ ಚಹಾ ಮಾತ್ರ ತಪ್ಪಿಸಬೇಡಿ. ಸಣ್ಣ ಕಬ್ಬಿಣದ ಪಾತ್ರೆಯಲ್ಲಿ ಚಹಾ ಎಲೆ, ಶುಂಠಿ, ಬೆಳ್ಳುಳ್ಳಿ ಹಾಕಿ ಹುರಿಯುತ್ತಾ ಮರದ ಕೊಡತಿಯಿಂದ ಅದರೊಳಗೇ ಕುಟ್ಟುತ್ತಾರೆ. ಆಮೇಲೆ ನೀರು ಹಾಕಿ ಕುದಿಸಿ, ಸೋಸಿ, ಉಪ್ಪು. ಬಟ್ಟಲಲ್ಲಿ ಮಂಡಕ್ಕಿ, ಹುರಿದ ಕಡಲೆಕಾಯಿ ಹಾಕಿ ಮೇಲೆ ಬಿಸಿ ಬಿಸಿ ಹುಯ್ಯುತ್ತಾರೆ. ಮೊದಲ ಗುಟುಕಿಗೆ ಅತ್ತೆ ಮುಖ ಕಿವುಚಿದರು, ಎರಡನೇ ಬಟ್ಟಲು ಅವರೇ ಕೇಳಿದರು. ಇದನ್ನೂ ಹಂದಿ ಕೊಬ್ಬಲ್ಲಿ ಹುರಿಯುವುದುಂಟು, ಚೀಟಿ ತೋರಿಸಿ.

ಒಂದು ಸಣ್ಣ ರೈಸ್ ಕುಕ್ಕರ್, ಅವಲಕ್ಕಿ, ಚಟ್ನಿ ಪುಡಿ ಇಟ್ಟುಕೊಳ್ಳಿ. ಮೊಸರು ಅಂಗಡಿಯಲ್ಲಿ ಸಿಗುತ್ತದೆ, ಸಕ್ಕರೆ ಹಾಕದ್ದು ಹುಡುಕಬೇಕು.

---

ಕಿಟಕಿ ಸೀಟು ಬರೆದದ್ದು:

ದೊಡ್ಡ ದೋಣಿಯ ಪರವಾಗಿ ಮಾತಾಡುವವರು ಒಬ್ಬರಾದರೂ ಇರಲಿ ಅಂತ ಬರೆಯುತ್ತಿದ್ದೇನೆ.

ಗುಯಿಲಿನ್‌ನಿಂದ ಯಾಂಗ್‌ಶುವೊಗೆ ನೀರಿನ ದಾರಿ 83 ಕಿಲೋಮೀಟರ್. ದೋಣಿ ಹೊರಡುವುದು ಊರ ಹೊರಗಿನ ಕಟ್ಟೆಯಿಂದ, ನಾಲ್ಕೈದು ಗಂಟೆ ಪ್ರಯಾಣ. ಒಳಗೆ ಕುರ್ಚಿ ಇದೆ, ಟಾಯ್ಲೆಟ್ ಇದೆ, ಮಳೆ ಬಂದರೆ ನೆನೆಯುವುದಿಲ್ಲ. ಮಂಡಿ ನೋವಿನವರಿಗೆ ತೆಪ್ಪ ಹತ್ತಿ ಇಳಿಯೋದಕ್ಕಿಂತ ಇದು ಸುಲಭ ಅಲ್ವಾ? ಯುಲೋಂಗ್ ಚಿಕ್ಕ ನದಿ, ಚೆಂದ, ಒಪ್ಪಿದೆ. ಆದರೆ ನೋಟಿನ ಮೇಲಿರೋದು ಲಿ ನದಿ. ಅಪ್ಪಯ್ಯನವರು ನೋಟು ನೋಡಿ ಬರುತ್ತಿದ್ದಾರೆ.

ಎಲ್ಲ ಹೊತ್ತೂ ಡೆಕ್ ಮೇಲೆ ನಿಲ್ಲಬೇಕಾಗಿಲ್ಲ. ಯಾಂಗ್‌ಡಿಯಿಂದ ಶಿಂಗ್‌ಪಿಂಗ್‌ವರೆಗಿನ ತುಂಡು ಎಲ್ಲಕ್ಕಿಂತ ಚೆನ್ನ, ಆಗ ಮೇಲೆ ಹೋಗಿ. ನಡುವೆ ಒಂಬತ್ತು ಕುದುರೆ ಬಂಡೆ ಬರುತ್ತದೆ. ಎಲ್ಲರೂ ಎದ್ದು ನಿಂತು ಬಂಡೆಯ ಕಲೆಗಳಲ್ಲಿ ಕುದುರೆ ಎಣಿಸುತ್ತಾರೆ. ನನಗೆ ಒಂದೂ ಪೂರ್ತಿ ಕಾಣಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ಒಂಬತ್ತೂ ಕಂಡಿತು ಅಂದರು.

ಇನ್ನೊಂದು, ಶಿಂಗ್‌ಪಿಂಗ್ ದಡದಲ್ಲಿ ಮೀನು ಹಿಡಿಯಲಿಕ್ಕೆ ಪಳಗಿಸಿದ ನೀರುಕಾಗೆ ಹಿಡಿದುಕೊಂಡ ಮುದುಕರು ಕೂತಿರುತ್ತಾರೆ. ಹೆಗಲ ಮೇಲೆ ಬಿದಿರು, ಎರಡು ತುದಿಗೆ ಎರಡು ಹಕ್ಕಿ. ಅವರು ಈಗ ಮೀನಿಗೆ ಹೋಗುವುದಕ್ಕಿಂತ ಫೋಟೋಗೆ ನಿಲ್ಲುವುದೇ ಜಾಸ್ತಿ. ಮೊದಲೇ ಎಷ್ಟು ಅಂತ ಮಾತಾಡಿಕೊಂಡು ಆಮೇಲೆ ಫೋನ್ ಎತ್ತಿ. ಏಪ್ರಿಲ್‌ನಲ್ಲಂತೂ ನಿಜವಾದ ಮೀನುಗಾರಿಕೆ ನೋಡಲಿಕ್ಕೆ ಸಿಗುವುದಿಲ್ಲ. ಮಾರ್ಚ್ 1ರಿಂದ ಜೂನ್ 30ರವರೆಗೆ ಲಿ ನದಿಯೂ ಸೇರಿದ ಹಾಗೆ ಇಡೀ ಪರ್ಲ್ ನದಿ ಜಲಾನಯನದಲ್ಲಿ ಮೀನು ಹಿಡಿಯುವುದು ನಿಷೇಧ, ಮೊಟ್ಟೆ ಇಡುವ ಕಾಲ ಅಂತ.

---

ತುಂಗೆ ದಡದವಳು ಬರೆದದ್ದು:

ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ನಾಲೆ ಏರಿ ಸರ್ ಬರೆದದ್ದನ್ನು ಅಪ್ಪಯ್ಯನಿಗೆ ಫೋನಿನಲ್ಲಿ ಓದಿ ಹೇಳಿದೆ. ಕುಮ್‌ಕ್ವಾಟ್‌ಗೆ ಪ್ಲಾಸ್ಟಿಕ್ ಹೊದಿಸುತ್ತಾರೆ ಅಂದ ಕೂಡಲೇ, "ಕೊಳೆರೋಗಕ್ಕೆ ನಾವು ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿದ ಹಾಗೆ" ಅಂದರು. ಆಮೇಲೆ, ಗಾಳಿಗೆ ಪ್ಲಾಸ್ಟಿಕ್ ಹಾರದ ಹಾಗೆ ಏನು ಮಾಡುತ್ತಾರೆ, ಒಳಗೆ ಬಿಸಿ ಆಗುವುದಿಲ್ಲವಾ, ಒಂದು ಎಕರೆಗೆ ಎಷ್ಟು ಖರ್ಚು. ಇವಕ್ಕೆಲ್ಲ ಉತ್ತರ ನಾನು ಎಲ್ಲಿಂದ ತರಲಿ? ಬೈಶಾ ಗ್ಯಾರಂಟಿ ಆಯಿತು.

ಅಮ್ಮನಿಗೆ ಎಣ್ಣೆ ಚಹಾ ಕೇಳಿ ಕುತೂಹಲ. ಹಂದಿ ಕೊಬ್ಬು ಅನ್ನೋದನ್ನು ನಾನು ಓದುವಾಗ ಹಾರಿಸಿದೆ. ಚೀಟಿ ಮಾಡಿಸುತ್ತೇನೆ.

ಈಗ ಲಿಂಗ್ ಕಾಲುವೆ ಏನು ಅಂತ ಹೇಳಿ ಸರ್. ಏಪ್ರಿಲ್‌ನಲ್ಲಿ ಯಾವ ವಾರ ಒಳ್ಳೆಯದು ಅಂತಲೂ.

---

ನಾಲೆ ಏರಿ ಬರೆದದ್ದು:

ಡಬ್ಬಿ ಅಕ್ಕನವರೇ, ಊಟ ಹಾರಿಸಿದ್ದಲ್ಲ, ನಾನು ಮಾಂಸ ತಿನ್ನುವವನು, ನನ್ನ ಸಲಹೆ ಅವರಿಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಕಿಟಕಿ ಸೀಟು ಅವರ ದೋಣಿಗೆ ನನ್ನದು ಪೂರ್ತಿ ಒಪ್ಪಿಗೆ ಇಲ್ಲ. ಐದು ಗಂಟೆ ಗಾಜಿನ ಹಿಂದೆ ಕೂತು ದಡ ನೋಡುವುದಕ್ಕಿಂತ ಒಂದು ಗಂಟೆ ದಡದಲ್ಲೇ ಕೂತರೆ ರೈತನಿಗೆ ಜಾಸ್ತಿ ಕಾಣುತ್ತದೆ. ಆದರೆ ತೆಪ್ಪ ನಿಲ್ಲಿಸುವಷ್ಟು ಮಳೆ ಬಂದರೆ ಅವರ ಮಾತೇ ಸರಿ, ದೋಣಿ ಹಿಡಿಯಿರಿ. ನೋಟಿನ ಜಾಗ ಹೇಗೂ ಶಿಂಗ್‌ಪಿಂಗ್‌ನಿಂದ ನಡೆದು ಹೋಗುವಷ್ಟು ಹತ್ತಿರ.

ಲಿಂಗ್ ಕಾಲುವೆ. ಗುಯಿಲಿನ್‌ನಿಂದ ಉತ್ತರಕ್ಕೆ ಶಿಂಗ್‌ಆನ್ ಅಂತ ಊರು. ಅಲ್ಲಿ ಎರಡು ನದಿಗಳು ತೀರಾ ಹತ್ತಿರ ಬರುತ್ತವೆ. ಶಿಯಾಂಗ್ ನದಿ ಉತ್ತರಕ್ಕೆ ಹರಿದು ಯಾಂಗ್ಟ್ಸೆ ಸೇರುತ್ತದೆ. ನಮ್ಮ ಲಿ ನದಿ ದಕ್ಷಿಣಕ್ಕೆ ಹರಿದು ಮುಂದೆ ಪರ್ಲ್ ನದಿಯ ಪಾಲಾಗುತ್ತದೆ. ಕ್ರಿ.ಪೂ. 214ರಲ್ಲಿ ಚಿನ್ ಚಕ್ರವರ್ತಿಯ ಕಾಲದಲ್ಲಿ ಈ ಎರಡನ್ನೂ ಕಾಲುವೆ ತೋಡಿ ಸೇರಿಸಿದರು. ದಕ್ಷಿಣಕ್ಕೆ ದಂಡೆತ್ತಿ ಹೋದ ಸೈನ್ಯಕ್ಕೆ ದೋಣಿಯಲ್ಲಿ ಅಕ್ಕಿ ಸಾಗಿಸಲಿಕ್ಕೆ. ಯುದ್ಧಕ್ಕೆ ತೋಡಿದ್ದು, ಆಮೇಲೆ ಗದ್ದೆಗೆ ಆಯಿತು. ಇವತ್ತಿಗೂ ಅದರಲ್ಲಿ ನೀರು ಹರಿಯುತ್ತದೆ, ಗದ್ದೆ ಬೆಳೆಯುತ್ತದೆ.

ನಿಮ್ಮ ಅಪ್ಪಯ್ಯ ನೋಡಬೇಕಾದ್ದು ನೀರು ಹಂಚುವ ಜಾಗ. ಹೊಳೆಯ ನಡುವೆ ನೇಗಿಲ ಮೂತಿ ಥರ ಒಂದು ಕಲ್ಲಿನ ಚೂಪು ಕಟ್ಟಿದ್ದಾರೆ. ನೀರು ಬಂದು ಅದಕ್ಕೆ ಬಡಿದು ಸೀಳುತ್ತದೆ. ಹತ್ತರಲ್ಲಿ ಏಳು ಪಾಲು ಒಂದು ಕಡೆ, ಮೂರು ಪಾಲು ಇನ್ನೊಂದು ಕಡೆ ಅಂತ ಲೆಕ್ಕ. ಅದರ ಹಿಂದೆ ಎರಡು ತಗ್ಗು ಕಟ್ಟೆ, ಓರೆಯಾಗಿ ಎರಡು ಕಡೆಗೆ ಚಾಚಿವೆ. ಗೇಟು ಇಲ್ಲ, ಮೋಟಾರು ಇಲ್ಲ, ನೀರುಗಂಟಿ ಇಲ್ಲ. ನೀರು ಕಡಿಮೆ ಇದ್ದಾಗ ಕಟ್ಟೆ ತಡೆದು ಕಾಲುವೆಗೆ ತಿರುಗಿಸುತ್ತದೆ. ಪ್ರವಾಹ ಬಂದರೆ ಹೆಚ್ಚಾದ್ದು ಕಟ್ಟೆ ಮೇಲೆ ಉಕ್ಕಿ ಹಳೇ ನದಿ ಪಾತ್ರಕ್ಕೆ ಹೋಗಿಬಿಡುತ್ತದೆ, ಕಾಲುವೆಗೆ ಏಟಿಲ್ಲ. ಏಪ್ರಿಲ್‌ನಲ್ಲಿ ನೀರು ಆ ಕಟ್ಟೆ ಮೇಲೆ ತೆಳ್ಳಗೆ ಹಾಸಿಕೊಂಡು ಇಳಿಯುವುದು ಕಾಣುತ್ತದೆ, ಅಡಿಯಲ್ಲಿ ಓರೆಯಾಗಿ ನಿಲ್ಲಿಸಿದ ಚಪ್ಪಡಿ ಕಲ್ಲಿನ ಸಾಲು ಸಾಲು ಅಂಚು. ಮೀನಿನ ಪೊರೆ ಅಂತಲೇ ಅಲ್ಲಿನವರು ಕರೆಯೋದು. ಕಲ್ಲಿನ ಸಂದಿಗೆ ಮರಳು ತುಂಬಿಕೊಂಡಷ್ಟೂ ಬಿಗಿ ಆಗುತ್ತದೆ. ನಮ್ಮ ಕಡೆ ನೀರಿಗೆ ಹೊಡೆದಾಟ ನೋಡಿದವನು ನಾನು. ಮೊದಲ ಸಲ ಅಲ್ಲಿ ನಿಂತಾಗ ಇದನ್ನು ನಮ್ಮೂರಿನ ಕೊನೇ ಭಾಗದ ರೈತರಿಗೆ ತೋರಿಸಬೇಕು ಅನ್ನಿಸಿತು.

2018ರಲ್ಲಿ ಇದನ್ನು ವಿಶ್ವ ನೀರಾವರಿ ಪರಂಪರೆಯ ಪಟ್ಟಿಗೆ ಸೇರಿಸಿದರು. ಆ ಪಟ್ಟಿ ಮಾಡುವ ಅಂತರರಾಷ್ಟ್ರೀಯ ನೀರಾವರಿ ಆಯೋಗದ ಮುಖ್ಯ ಕಚೇರಿ ಇರೋದು ನಮ್ಮ ದಿಲ್ಲಿಯಲ್ಲಿ. ಅಪ್ಪಯ್ಯನಿಗೆ ಹೇಳಿ, ಖುಷಿಪಡುತ್ತಾರೆ. ಜಾಗ ಪೂರ್ತಿ ಮಟ್ಟಸ, ಅಮ್ಮನಿಗೂ ತೊಂದರೆ ಇಲ್ಲ.

ದಿನದ ವಿಚಾರ. ಏಪ್ರಿಲ್ ಮೊದಲ ವಾರ ಛಿಂಗ್‌ಮಿಂಗ್, ಹಿರಿಯರ ಸಮಾಧಿಗೆ ಹೋಗುವ ಹಬ್ಬ, ರೈಲು ತುಂಬಿರುತ್ತದೆ. ಮೇ ಮೊದಲ ವಾರ ಕಾರ್ಮಿಕರ ದಿನದ ರಜೆ, ಆಗ ಯಾಂಗ್‌ಶುವೊನಲ್ಲಿ ಕಾಲಿಡಲಿಕ್ಕೆ ಜಾಗ ಇರುವುದಿಲ್ಲ. ನಡುವಿನ ಎರಡು ಮೂರು ವಾರ ನೋಡಿ. ಸುಮಾರು ಇದೇ ಹೊತ್ತಿಗೆ ಗುಯಿಲಿನ್ ಇರುವ ಗುವಾಂಗ್‌ಶಿ ಪ್ರಾಂತ್ಯಕ್ಕೆ ಮಾತ್ರ ಒಂದು ರಜೆ ಬರುತ್ತದೆ, ಚಾಂದ್ರಮಾನ ಮೂರನೇ ತಿಂಗಳ ಮೂರನೇ ದಿನ. ಝುವಾಂಗ್ ಜನರ ಹಬ್ಬ. ಕೆಲವು ವರ್ಷ ಮಾರ್ಚ್ ಕೊನೆಗೇ, ಕೆಲವು ವರ್ಷ ಏಪ್ರಿಲ್ ಕೊನೆಯ ಕಡೆಗೆ ಬೀಳುತ್ತದೆ. ಕ್ಯಾಲೆಂಡರ್ ನೋಡಿ. ಜನ ಜಾಸ್ತಿ ಆಗುತ್ತಾರೆ ನಿಜ, ಆದರೆ ಅವತ್ತು ಐದು ಬಣ್ಣದ ಅಂಟು ಅನ್ನ ಮಾಡುತ್ತಾರೆ. ಕಪ್ಪು, ಕೆಂಪು, ನೇರಳೆ, ಹಳದಿ ಬಣ್ಣಕ್ಕೆ ಬಗೆಬಗೆ ಎಲೆ, ಹೂವಿನ ರಸದಲ್ಲಿ ಅಕ್ಕಿ ನೆನೆಸಿ, ಬಿಳಿಯನ್ನು ಹಾಗೇ ಇಟ್ಟು, ಆವಿಯಲ್ಲಿ ಬೇಯಿಸೋದು. ಬರೀ ಅಕ್ಕಿ. ಡಬ್ಬಿ ಅಕ್ಕನವರ ಚೀಟಿಯ ಅಗತ್ಯವೂ ಬೀಳುವುದಿಲ್ಲ.

ಆ ಕಡೆ ಪ್ರತಿ ಹೋಬಳಿಯಲ್ಲೂ ಸಂತೆ ಇದೆ. ವಾರಕ್ಕೊಮ್ಮೆ ಅಲ್ಲ, ಮೂರು ದಿನಕ್ಕೊಮ್ಮೆ. ಇವತ್ತು ಈ ಊರು, ನಾಳೆ ಆ ಊರು ಅಂತ ಸುತ್ತುತ್ತದೆ. ತಂಗುವ ಮನೆಯವರನ್ನು ಕೇಳಿದರೆ ಯಾವತ್ತು ಎಲ್ಲಿ ಅಂತ ಹೇಳುತ್ತಾರೆ. ಬಿದಿರು ಬುಟ್ಟಿ, ಕುಡುಗೋಲು, ಸಸಿ, ಕೋಳಿಮರಿ ಎಲ್ಲ ಇರುತ್ತದೆ. ಅಪ್ಪಯ್ಯನನ್ನು ಅಲ್ಲಿಂದ ಎಬ್ಬಿಸುವುದು ಕಷ್ಟ ಆಗಬಹುದು. ಮಾಂಸದ ಸಾಲು ಬೇರೆ ಇರುತ್ತದೆ, ಅಮ್ಮನನ್ನು ಆ ಕಡೆ ಕರೆದುಕೊಂಡು ಹೋಗಬೇಡಿ.

ರೈಲಿನ ವಿಷಯ ನಿಮಗೆ ಗೊತ್ತಿರುತ್ತದೆ, ಆದರೂ ಹೇಳುತ್ತೇನೆ. ಶೆನ್‌ಝೆನ್‌ನಿಂದ ಮೂರು ಗಂಟೆಯ ಆಸುಪಾಸು. ಯಾಂಗ್‌ಶುವೊ ಅನ್ನುವ ಸ್ಟೇಷನ್ ಯಾಂಗ್‌ಶುವೊ ಪೇಟೆಯಲ್ಲಿ ಇಲ್ಲ, ಶಿಂಗ್‌ಪಿಂಗ್ ಹತ್ತಿರ ಇದೆ. ಹಳ್ಳಿಗೆ ಅಲ್ಲಿಂದ ಇನ್ನೂ ಒಂದು ಗಂಟೆ ಹತ್ತಿರ ಕಾರು. ತಂಗುವ ಮನೆಯವರಿಗೆ ಮೊದಲೇ ಹೇಳಿದರೆ ಕಾರು ಕಳಿಸುತ್ತಾರೆ.

---

ಕಿಟಕಿ ಸೀಟು ಬರೆದದ್ದು:

ಕಾಲುವೆ ಓದಿ ನನಗೂ ಹೋಗಬೇಕು ಅನ್ನಿಸಿತು. ದೋಣಿ ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ.

ತುಂಗೆ ಅವರೇ, ಟಿಕೆಟ್ ಬಗ್ಗೆ ಒಂದು ಮಾತು. ರೈಲಿಗೆ 15 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. ಅಪ್ಪಯ್ಯ, ಅಮ್ಮನ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹಾಕಿ. ನಮ್ಮ ಕಡೆಯ ಹಿರಿಯರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇರುವುದೇ ಜಾಸ್ತಿ. ಆ್ಯಪ್ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಹಾಗೇನಾದರೂ ಆದರೆ ಸ್ಟೇಷನ್ ಕೌಂಟರಿಗೇ ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ ಮಾಡಿಸಿ.

---

ಒಗ್ಗರಣೆ ಡಬ್ಬಿ ಬರೆದದ್ದು:

ಅವರು ಶೆನ್‌ಝೆನ್‌ನಲ್ಲಿ ನಿಮ್ಮ ಮನೆಯಲ್ಲೇ ಇಳಿಯುವುದಾದರೆ 24 ಗಂಟೆ ಒಳಗೆ ಪೊಲೀಸ್ ನೋಂದಣಿ ಮಾಡಿಸಬೇಕು, ಮರೆಯಬೇಡಿ. ಹೋಟೆಲ್, ತಂಗುವ ಮನೆಗಳಲ್ಲಾದರೆ ಅವರೇ ಮಾಡುತ್ತಾರೆ. ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ, ಅಡುಗೆಮನೆ ಎಣ್ಣೆ ಕೈಯಲ್ಲಿ ಹಿಡಿದರೆ ಎರಡೇ ದಿನಕ್ಕೆ ಅಕ್ಷರ ಅಳಿಸಿಹೋಗುತ್ತದೆ.